ಹಿಂದಿನ ರಾತ್ರಿಯ ಓದು ಮತ್ತು ಡ್ರೈನಿನ ಬಣ್ಣ

ಕೊನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳು ಸರ್ಜರಿ ಪೋಸ್ಟಿಂಗ್‌ಗೆ (ಸರ್ಜರಿ ವಿಭಾಗದ ತರಬೇತಿಗೆ) ಮೊದಲು ಹೊಲಿಗೆ, ಗಂಟು ಅಭ್ಯಾಸ ಮಾಡಿಕೊಳ್ಳಬೇಕು ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಒಪ್ಪುತ್ತೇನೆ. ಗ್ಲೌಸ್ ಹಾಕಿಕೊಂಡೇ ಅಭ್ಯಾಸ ಮಾಡಿ. ಬರಿಗೈಯಲ್ಲಿ ಸಲೀಸಾಗಿ ಬಂದ ಗಂಟು ಒದ್ದೆ ಗ್ಲೌಸಿನಲ್ಲಿ ಜಾರುತ್ತದೆ.

ಆದರೆ ಆಪರೇಷನ್‌ನ ಹಿಂದಿನ ರಾತ್ರಿಯ ಓದಿನ ಬಗ್ಗೆ ಇನ್ನೂ ಜಾಸ್ತಿ ಬರೆಯಬೇಕಿತ್ತು ಅನ್ನಿಸಿತು. ನಾಳೆ ಪಿತ್ತಕೋಶ ತೆಗೆಯುವ ಆಪರೇಷನ್ ಇದೆ ಅಂದುಕೊಳ್ಳಿ. ಇಡೀ ಅಧ್ಯಾಯ ಬೇಡ. ಕ್ಯಾಲೋಟ್ ಟ್ರಯಾಂಗಲ್‌ನಲ್ಲಿ (ಪಿತ್ತಕೋಶದ ಬುಡದ ತ್ರಿಕೋನ ಜಾಗದಲ್ಲಿ) ಏನೇನಿದೆ, ಕತ್ತರಿಸುವ ಮೊದಲು ಸಿಸ್ಟಿಕ್ ಡಕ್ಟ್ (ಪಿತ್ತಕೋಶದಿಂದ ಮುಖ್ಯ ಪಿತ್ತನಾಳಕ್ಕೆ ಸೇರುವ ಸಣ್ಣ ನಾಳ) ಇದೇ ಎಂದು ಹೇಗೆ ಖಚಿತ ಮಾಡಿಕೊಳ್ಳುತ್ತಾರೆ, ಅಷ್ಟು ಗೊತ್ತಿರಲಿ. ಸಿಸ್ಟಿಕ್ ಡಕ್ಟ್ ಬದಲು ಮುಖ್ಯ ಪಿತ್ತನಾಳ ಕತ್ತರಿಸಿದರೆ ರೋಗಿ ವರ್ಷಗಟ್ಟಲೆ ನರಳಬಹುದು. ಸರ್ಜನ್ ಅಲ್ಲೇ ಪ್ರಶ್ನೆ ಕೇಳುವುದು ಅದಕ್ಕೇ ಅಲ್ವಾ? ಜೊತೆಗೆ ಈ ರೋಗಿಗೆ ಹಿಂದೆ ಹೊಟ್ಟೆಯ ಆಪರೇಷನ್ ಆಗಿದೆಯಾ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ಳುತ್ತಿದ್ದಾರಾ ನೋಡಿ.

ಬೆಳಗ್ಗೆ ರೌಂಡ್ಸ್‌ಗೆ (ಡಾಕ್ಟರುಗಳು ವಾರ್ಡಿನಲ್ಲಿ ರೋಗಿಗಳನ್ನು ನೋಡಲು ಬರುವುದಕ್ಕೆ) ಮುಂಚೆಯೇ ಹೋಗಿ ಆಪರೇಷನ್ ಆದವರನ್ನು ನೋಡಿ. ದೊಡ್ಡವರಲ್ಲಿ ಮೂತ್ರ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.5 ಎಂ.ಎಲ್.ಗಿಂತ ಕಡಿಮೆ ಆಗಿದ್ದರೆ ತಕ್ಷಣ ಹೇಳಬೇಕು. ಡ್ರೈನಿನಲ್ಲಿ (ಆಪರೇಷನ್ ಜಾಗದಿಂದ ದ್ರವ ಹೊರಬರಲು ಇಟ್ಟ ಕೊಳವೆಯಲ್ಲಿ) ಎಷ್ಟು ಬಂದಿದೆ ಅನ್ನುವುದರ ಜೊತೆ ಬಣ್ಣವನ್ನೂ ಬರೆದುಕೊಳ್ಳಿ. ಈ ಆಪರೇಷನ್ ಆದ ಮೇಲೆ ಹಸಿರು ಬಣ್ಣ ಕಂಡರೆ ಪಿತ್ತ ಸೋರುತ್ತಿರಬಹುದು. ಒಮ್ಮೆ ನಾನು ಚಾರ್ಟ್ ನೋಡಿ ಪ್ರಮಾಣ ಮಾತ್ರ ಹೇಳಿದ್ದೆ. ಬಣ್ಣ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಅಂದಿನಿಂದ ಡ್ರೈನನ್ನು ಕಣ್ಣಾರೆ ನೋಡದೆ ರೌಂಡ್ಸ್‌ಗೆ ನಿಂತಿಲ್ಲ.

ಅಂದ ಹಾಗೆ, ತಿಂಡಿ ತಿಂದು ಹೋಗಿ. ಟೇಬಲ್ ಪಕ್ಕ ತಲೆ ಸುತ್ತಿದರೆ ಸುಮ್ನೆ ತಡೆದುಕೊಂಡು ನಿಲ್ಲಬೇಡಿ, ಹೇಳಿ ಹಿಂದೆ ಸರಿದು ಕೂತುಬಿಡಿ.