ದನ ವಾಪಸು ಕೊಡುವವರು ಯಾರು?

ಬಂಧುಗಳ ವಾಟ್ಸಾಪ್ ಗುಂಪಿಗೆ ಇವತ್ತು ಒಂದು ಭಾಷಣದ ತುಣುಕು ಬಂತು. ಶಾಲು ಹೊದ್ದ ಮಹನೀಯರು ಮೈಕು ಹಿಡಿದು, “ಆಫ್ರಿಕಾದ ಜುಲು ಜನರನ್ನು ನೋಡಿ ಕಲಿಯಿರಿ. ಅವರಲ್ಲಿ ವಿಚ್ಛೇದನವೇ ಇರಲಿಲ್ಲ. ಕಾರಣ, ಸಂಸ್ಕಾರ!” ಎನ್ನುತ್ತಾರೆ. ಕೆಳಗೆ ಕೈಮುಗಿದವರ ಸಾಲು. ಅದನ್ನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಳಿಸಿದ್ದಾರೆಂದು ತಿಳಿಯದಷ್ಟು ಪೆದ್ದಿ ನಾನಲ್ಲ.

ಹಳೆಯ ಜುಲು ಸಮಾಜದಲ್ಲಿ ಮದುವೆ ಮುರಿಯುವುದು ಬಹಳ ಅಪರೂಪವಾಗಿತ್ತು, ನಿಜ. ಆದರೆ ಅದರ ಕಾರಣ ಹಟ್ಟಿಯಲ್ಲಿ ಕಟ್ಟಿತ್ತು. ಗಂಡಿನವರು ಹೆಣ್ಣಿನ ತಂದೆಗೆ ದನ ಕೊಡಬೇಕು. ನಮ್ಮಲ್ಲಿ ಹಿಂದೆ ಇದ್ದ ತೆರ, ಅಂದರೆ ಕನ್ಯಾಶುಲ್ಕದ ಹಾಗೆ, ಅಲ್ಲಿ ಲೋಬೊಲ. 1869ರಲ್ಲಿ ಇಂದಿನ ದಕ್ಷಿಣ ಆಫ್ರಿಕಾದಲ್ಲಿರುವ ನಟಾಲಿನ ಬ್ರಿಟಿಷ್ ಅಧಿಕಾರಿ ಥಿಯೋಫಿಲಸ್ ಶೆಪ್‌ಸ್ಟೋನ್ ಸಾಮಾನ್ಯ ಪ್ರಜೆಗೆ 10 ದನ ಎಂದು ಗೊತ್ತುಮಾಡಿದ. ಹುಡುಗಿಯ ತಾಯಿಗೆ ಸಲ್ಲುವ ಹಸು ಬೇರೆ. ಬಂದ ದನ ಅಲ್ಲೇ ಮೇಯ್ದುಕೊಂಡಿರುತ್ತಿತ್ತೇ? ಇಲ್ಲ. ಅಕ್ಕನ ಮದುವೆಗೆ ಬಂದದ್ದನ್ನೇ ಕೊಟ್ಟು ತಮ್ಮನಿಗೆ ಹೆಣ್ಣು ತರುತ್ತಿದ್ದರು. ಈಗ ಅಕ್ಕ ಗಂಡನ ಕಾಟ ತಾಳಲಾರದೆ ತವರಿಗೆ ಬಂದಳೆನ್ನಿ. ತಪ್ಪು ಅವಳದೆಂದು ತೀರ್ಮಾನವಾದರೆ ದನ ಹಿಂದಿರುಗಿಸಬೇಕು. ಎಲ್ಲಿಂದ ತರುವುದು? ಅವು ತಮ್ಮನ ಮಾವನ ಹಟ್ಟಿ ಸೇರಿ, ಅಲ್ಲಿಂದಲೂ ಮುಂದಕ್ಕೆ ಸಾಗಿರುತ್ತವೆ. ಅವಳಿಗೆ ಬುದ್ಧಿ ಹೇಳಿ ಮರಳಿ ಕಳಿಸುವುದೇ ಎಲ್ಲರಿಗೂ ಅಗ್ಗ. ಇದು ಸಂಸ್ಕಾರವಾದರೆ, ಸಾಲಗಾರನ ಮನೆಗೆ ದಿನಾ ಎಡತಾಕುವ ಜಾಮೀನುದಾರನೂ ಸಂತನೇ.

ಮಕ್ಕಳೋ, ದನ ಕೊಟ್ಟವನ ವಂಶಕ್ಕೆ ಸೇರಿದವರು. ಹೊರಡುವುದಾದರೆ ಬರಿಗೈಯಲ್ಲಿ ಹೊರಡಬೇಕು. ಗಂಡ ಸತ್ತರೂ ಬಿಡುಗಡೆಯಿಲ್ಲ: ಅವನ ತಮ್ಮನೊಡನೆ ಬಾಳಿ, ಹೆತ್ತ ಮಕ್ಕಳನ್ನು ಸತ್ತವನ ಹೆಸರಿಗೇ ಬರೆಸುವ ಪದ್ಧತಿಯಿತ್ತು.

ದನಕ್ಕಿಂತ ವಂಶದ ಹಿಡಿತವೇ ಮೂಲ ಎಂದು ಮಾನವಶಾಸ್ತ್ರಜ್ಞ ಮ್ಯಾಕ್ಸ್ ಗ್ಲಕ್‌ಮನ್ 1950ರಲ್ಲಿ ವಾದಿಸಿದ. ಅವನು ಜುಲುಗಳ ಪಕ್ಕದಲ್ಲಿಟ್ಟು ನೋಡಿದ್ದು ಜಾಂಬೆಜಿ ನದಿಯ ನೆರೆಬಯಲಿನ ಲೋಜಿ ಜನರನ್ನು. ಅಲ್ಲಿ ಮಕ್ಕಳು ತಾಯಿಯ ಕಡೆಗೂ ಸಲ್ಲಬಹುದು, ತೆರ ಅಲ್ಪ, ಗಂಡ ಹೆಂಡಿರು ಬೇರೆಯಾಗುವುದು ಧಾರಾಳ. ಲೋಜಿಗಳಿಗೆ ಸಂಸ್ಕಾರವಿರಲಿಲ್ಲವೇ, ಶಾಲಿನವರೇ?

“ಎರಡೂ ಕಡೆಯ ಹಿರಿಯರು ಕುಳಿತು ಜಗಳ ಬಿಡಿಸುತ್ತಿದ್ದರಲ್ಲ, ಅದು ಒಳ್ಳೆಯದಲ್ಲವೇ?” ಎಂದು ನಮ್ಮ ಅತ್ತಿಗೆ ಕೇಳಿದರು. ಒಳ್ಳೆಯದೇ. ಹತ್ತು ಜನ ನೋಡುತ್ತಿದ್ದಾರೆಂದರೆ ಗಂಡನ ಕೈಯೂ ಸ್ವಲ್ಪ ಅಂಜುತ್ತದೆ. ಆದರೆ ಪಂಚಾಯಿತಿಗೆ ಕುಳಿತವರ ಹಟ್ಟಿಯಲ್ಲೇ ಆ ದನಗಳಿರುವಾಗ ನ್ಯಾಯ ಯಾವ ಕಡೆ ವಾಲುತ್ತದೆಂದು ಹೇಳಲು ಗ್ಲಕ್‌ಮನ್ ಬೇಕಿಲ್ಲ. ನನ್ನ ಮುಂದೆಯೂ ಹಿರಿಯರು ಕುಳಿತಿದ್ದರು. ಅಪ್ಪ ಮದುವೆಗೆ ಮಾಡಿದ ಸಾಲದ ಲೆಕ್ಕ ಮೊದಲು ಬಂತು, ತಂಗಿಯ ಸಂಬಂಧ ಕೆಡುತ್ತದೆಂಬುದು ಆಮೇಲೆ. ನನ್ನ ಮೊಣಕೈಗೆ ಕಟ್ಟಿದ್ದ ಪಟ್ಟಿಯ ಬಗ್ಗೆ ಯಾರೂ ಕೇಳಲಿಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು, ನಾನೇ ಮಾಡಿದ್ದು.

ದಕ್ಷಿಣ ಆಫ್ರಿಕಾದಲ್ಲಿ ಲೋಬೊಲ ಇಂದಿಗೂ ಇದೆ. ಹೆಚ್ಚಾಗಿ ಹಣದ ರೂಪದಲ್ಲಿ. ಆದರೆ ಸಾಂಪ್ರದಾಯಿಕ ಮದುವೆಗಳಿಗಾಗಿ 1998ರಲ್ಲಿ ಮಾಡಿದ ಕಾನೂನಿನ ಪ್ರಕಾರ ಅಂಥ ಮದುವೆಯಿಂದ ಬಿಡುಗಡೆ ಕೊಡುವುದು ನ್ಯಾಯಾಲಯ. ಹೆಂಡತಿಯೂ ನೇರವಾಗಿ ಅರ್ಜಿ ಹಾಕಬಹುದು. ಜುಲುಗಳಿಂದ ಕಲಿಯಬೇಕೆನ್ನುವವರು ಇದನ್ನೂ ಗುಂಪಿಗೆ ಹಾಕಲಿ, ನಾನೇ ಮೊದಲು ಕೈಮುಗಿಯುತ್ತೇನೆ.