ಕಳ್ಳರ ಮುನೀಮ

ಗಂಜ್‌ನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಡತಿ ಅಂಗಡಿಯಲ್ಲಿ 30 ವರ್ಷ ಲೆಕ್ಕ ಬರೆದ ನಮ್ಮ ಕಾಕಾ ಮೊನ್ನೆ ಸುಸಲಾ ತಿನ್ನುತ್ತ ಕೇಳಿದರು: "ನೀ ಪೊಲೀಸರಾಗ ಅದೀ ಅಂತಿ. ಮೈಮ್ಯಾಗ ಖಾಕಿ ಇಲ್ಲ, ಕೈಯಾಗ ಲಾಠಿ ಇಲ್ಲ. ಮಾಡೂದರ ಏನವ್ವಾ?"

"ಕಳುವಿನ ಲೆಕ್ಕ ಬರೀತೀನ್ರಿ ಕಾಕಾ."

"ಅಂದ್ರ ಕಳ್ಳರ ಮುನೀಮ ಅನ್ನು!"

ನಕ್ಕೆ. ಆದರೆ ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಇದಕ್ಕಿಂತ ಸರಿಯಾದ ಹೆಸರು ಯಾರೂ ಇಟ್ಟಿಲ್ಲ. ಊರು ಕಲಬುರಗಿ; ಕಚೇರಿ ಯಾವುದು ಅನ್ನೋದು ಬೇಡ, ಗುತ್ತಿಗೆ ನೌಕರಿ. ಠಾಣೆಗಳ ಎಫ್‌ಐಆರ್‌ಗಳನ್ನು ಬೀಟ್‌ವಾರು (ಬೀಟ್ ಅಂದರೆ ಗಸ್ತಿನ ಒಂದೊಂದು ಪ್ರದೇಶ), ವೇಳೆವಾರು ಜೋಡಿಸಿ, ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟು, ರಾತ್ರಿ ಗಸ್ತು ಎಲ್ಲಿ ಬೇಕು ಅಂತ ಹೇಳಬೇಕು.

ಮೊದಲ ನಕ್ಷೆ ಮಾಡಿದಾಗ ಬಸ್ ಸ್ಟ್ಯಾಂಡ್ ಮೇಲೆ ಕುಂಕುಮ ಚೆಲ್ಲಿದಂತೆ ಆಗಿತ್ತು. ಬೈಕ್ ಕಳುವೆಲ್ಲ ಅಲ್ಲೇ! ಸಂಶಯ ಬಂದು ದೂರುಗಳನ್ನು ಒಂದೊಂದಾಗಿ ಓದಿದೆ. ಒಂದು ದವಾಖಾನೆ ಮುಂದೆ ನಿಲ್ಲಿಸಿದ್ದು, ಇನ್ನೊಂದು ಲಾಡ್ಜ್ ಹಿಂದಿನ ಗಲ್ಲಿಯದು, ಮತ್ತೊಂದು ಖಾನಾವಳಿ ಎದುರಿಂದ ಹೋದದ್ದು. ಬರೆದುಕೊಂಡವರು ಎಲ್ಲಕ್ಕೂ "ಬಸ್ ಸ್ಟ್ಯಾಂಡ್ ಹತ್ತಿರ" ಅಂತಲೇ ಬರೆದಿದ್ದರು. ನಮ್ಮೂರಲ್ಲಿ "ಹತ್ತಿರ" ಅಂದರೆ ಹತ್ತು ಹೆಜ್ಜೆಯೂ ಹೌದು, ಒಂದು ಕಿಲೋಮೀಟರೂ ಹೌದು. ಕಂಪ್ಯೂಟರಿಗೆ ಇದನ್ನು ಹೇಳುವವರು ಯಾರು?

ವೇಳೆಯದೂ ಇದೇ ಕಥೆ. ಮನೆಗೆ ಬೀಗ ಹಾಕಿ ಎರಡು ದಿನ ಊರಿಗೆ ಹೋದವರು ಮುಂಜಾನೆ ಬಂದು ನೋಡಿದರೆ ಕೊಂಡಿ ಮುರಿದಿರುತ್ತದೆ. ಎಫ್‌ಐಆರ್‌ನಲ್ಲಿ ಕೃತ್ಯದ ಸಮಯಕ್ಕೆ "ಇಂದ", "ವರೆಗೆ" ಅಂತ ಎರಡು ಕಾಲಂ ಇವೆ. ಎರಡರಲ್ಲೂ ಬಾಗಿಲು ನೋಡಿದ ಹೊತ್ತೇ ಬಿದ್ದಿರುತ್ತದೆ. ನನ್ನ ಗ್ರಾಫ್ ನಂಬಿದರೆ ನಮ್ಮ ಭಾಗದ ಕಳ್ಳರು ಮುಂಜಾನೆ 7ಕ್ಕೆ ಸರಿಯಾಗಿ ಡ್ಯೂಟಿಗೆ ಹಾಜರಾಗುತ್ತಾರೆ.

ಇನ್ನು ಮಟಕಾ ಜೂಜು. ಕರ್ನಾಟಕ ಪೊಲೀಸ್ ಕಾಯ್ದೆಯ 78(3)ರ ಪ್ರಕರಣ ಹೆಚ್ಚಾದರೆ ಪೇಪರಿನವರು "ಮಟಕಾ ಹಾವಳಿ" ಅನ್ನುತ್ತಾರೆ. ನಿಜಕ್ಕೂ ಹೆಚ್ಚಾದದ್ದು ದಾಳಿ. ಮಟಕಾ ಆಡಿದವನು ತಾನಾಗಿ ಬಂದು ದೂರು ಕೊಡುತ್ತಾನೆಯೇ? ಸಾಹೇಬರು ಮನಸ್ಸು ಮಾಡಿದ ತಿಂಗಳು ಅಂಕಿ ಏರುತ್ತದೆ, ಪೊಲೀಸರೆಲ್ಲ ಬೇರೆ ಕಡೆ ಬಂದೋಬಸ್ತ್‌ಗೆ ಹೋದ ತಿಂಗಳು ಇಳಿಯುತ್ತದೆ.

ಕಾನೂನು ಬದಲಾದರೂ ಗೆರೆ ಕುಣಿಯುತ್ತದೆ. 2024ರ ಜುಲೈ 1ಕ್ಕೆ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು; ಕಳ್ಳತನದ ಕಲಂ 379 ಇದ್ದದ್ದು 303 ಆಯಿತು, ಕಸಿದುಕೊಂಡು ಓಡುವುದಕ್ಕೆ 304 ಅಂತ ಬೇರೆಯೇ ಕಲಂ ಸಿಕ್ಕಿತು. ಗೊತ್ತಿಲ್ಲದವರು ನೋಡಿದರೆ ಸರ ಕೀಳುವ ದಂಧೆ ಅವತ್ತೇ ಹುಟ್ಟಿತು ಅಂದುಕೊಳ್ಳಬೇಕು.

ನನಗೆ ನಿಜವಾಗಿ ಹೆದರಿಕೆ ಬೇರೆಯದು. ಒಂದು ತಾಂಡಾ, ಒಂದು ಕೊಳೆಗೇರಿ ನಕ್ಷೆಯಲ್ಲಿ ಕೆಂಪಾಯಿತು ಅಂದರೆ ಗಸ್ತು ಅಲ್ಲಿಗೆ ಹೋಗುತ್ತದೆ. ಗಸ್ತು ಹೋದಲ್ಲಿ ಸಣ್ಣಪುಟ್ಟದೂ ಕೇಸಾಗುತ್ತದೆ. ಮುಂದಿನ ತಿಂಗಳು ಅದೇ ಜಾಗ ಇನ್ನಷ್ಟು ಕೆಂಪು. ಕೆಲವು ಬುಡಕಟ್ಟುಗಳ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದ, 1871ರಲ್ಲಿ ಶುರುವಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1952ರಲ್ಲೇ ರದ್ದಾಗಿದೆ. ಅದು ನನ್ನ ಎಕ್ಸೆಲ್ ಶೀಟಿನ ಹಿತ್ತಲ ಬಾಗಿಲಿಂದ ಒಳಗೆ ಬರಬಾರದು ಅಂತ, ಅಂಥ ಚುಕ್ಕೆಗಳ ಪಕ್ಕದಲ್ಲಿ "ದೂರಿನಿಂದ", "ದಾಳಿಯಿಂದ" ಅಂತ ಬೇರೆ ಬೇರೆ ಬಣ್ಣ ಕೊಡಲು ಶುರು ಮಾಡಿದೆ. "ಇಷ್ಟೆಲ್ಲಾ ಬಣ್ಣ ಯಾಕ್ರಿ ಮೇಡಮ್, ರಂಗೋಲಿ ಏನು?" ಅಂದರು ಒಬ್ಬರು. ಅನ್ನಲಿ.

ಜಗಳ ಆಗುವುದು ಕ್ರೈಂ ಮೀಟಿಂಗ್ ದಿನ. ಗೆರೆ ಮೇಲೆ ಹೋದ ಠಾಣೆಯವರಿಗೆ ಬೈಗುಳ, ಕೆಳಗೆ ಬಂದವರಿಗೆ ಶಾಬಾಸ್. ನನ್ನ ಪ್ರಕಾರ ಇದು ತಿರುವುಮುರುವು. ಅಪರಾಧ ಹೆಚ್ಚುವುದು ಬೇರೆ, ಅಪರಾಧ ದಾಖಲಾಗುವುದು ಹೆಚ್ಚುವುದು ಬೇರೆ ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ತನ್ನ ವರದಿಯಲ್ಲೇ ಹೇಳುತ್ತದೆ. ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ) ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿಯಾಗಿದೆ. ಬರೆದುಕೊಂಡ ಇನ್ಸ್‌ಪೆಕ್ಟರ್‌ಗೆ ಬೈದರೆ ಮುಂದಿನ ತಿಂಗಳು ಕಳ್ಳತನ ಕಡಿಮೆ ಆಗುವುದಿಲ್ಲ, ಕಾಗದ ಕಡಿಮೆ ಆಗುತ್ತದೆ. ಆ ಮೇಲೆ ಗಸ್ತು ಎಲ್ಲಿ ಅಂತ ನನ್ನನ್ನು ಕೇಳಿ ಏನು ಪ್ರಯೋಜನ?

ಇದನ್ನೆಲ್ಲ ಹೇಳಿದಾಗ ಕಾಕಾ ಮಿರ್ಚಿ ಕಡಿಯುವುದು ನಿಲ್ಲಿಸಿದರು. "ಗಂಜ್‌ದಾಗೂ ಹಂಗೇ ಅದ. ಕಾಟಾಕ್ಕ ಬಂದ ತೊಗರಿ ಅಷ್ಟೇ ಲೆಕ್ಕ. ಹಳ್ಳ್ಯಾಗ ಮಾರಿದ್ದು ಯಾವ ಖಾತೆದಾಗೂ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಜಾತ್ರ್ಯಾಗ ಹೋದ ನನ್ನ ಮೊಬೈಲ್?" ಅಂದರು.

ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಹೋದದ್ದು. ಠಾಣೆಯಲ್ಲಿ "ಕಳುವು ಅಂತ ಬರದ್ರ ಕೋರ್ಟ್ ಕಚೇರಿ ಅಲೀಬೇಕಾಗ್ತದ ಯಜಮಾನ್ರ, ಕಳೆದದ ಅಂತ ಬರ್ಕೊಡ್ರಿ, ಬ್ಲಾಕ್ ಮಾಡ್ಸೋಣು" ಅಂದಿದ್ದರಂತೆ. ಕಾಕಾ ಹಾಗೇ ಬರೆದುಕೊಟ್ಟು ಸಹಿ ಮಾಡಿ ಬಂದಿದ್ದರು.

"ನಮ್ಮ ಲೆಕ್ಕದಾಗ ನಿಮ್ಮ ಕಳುವು ಆಗೇ ಇಲ್ಲ ಕಾಕಾ" ಅಂದೆ.

ಅವರು ಮಾತಾಡಲಿಲ್ಲ. ಅಂಗಿಯ ಜೇಬು ಎಳೆದು ತೋರಿಸಿದರು. ಬ್ಲೇಡು ಹರಿದ ಜಾಗದಲ್ಲಿ ಕಾಕು ಬೇರೆ ಬಣ್ಣದ ದಾರದಿಂದ ಹೊಲಿಗೆ ಹಾಕಿದ್ದರು.