ಬೀಗ ಹಾಕಿ ಹೋಗಬಹುದಾದ ಮನೆ

ಕುಂದಾಪುರದಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ಬ್ರೋಕರ್ ವಾಟ್ಸಾಪಿನಲ್ಲಿ ಹದಿನಾಲ್ಕು ಫೋಟೋ ಕಳಿಸಿದರು. ಕೆಳಗೆ ಒಂದೇ ಸಾಲು: 'ಪೂರ್ತಿ ರಿನೋವೇಶನ್ ಆಗಿದೆ, ಮೇಂಟೆನೆನ್ಸ್ ಇಲ್ಲವೇ ಇಲ್ಲ.'

ಬೆಂಗಳೂರಿನ ವಿಜಯನಗರದ ನಮ್ಮ ಫ್ಲ್ಯಾಟಿನಲ್ಲಿ ಮೇಂಟೆನೆನ್ಸ್ ಎಂದರೆ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಕಟ್ಟಬೇಕಾದ ದುಡ್ಡು. ತಡವಾದರೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ನಮ್ಮ ಮನೆ ನಂಬರು ಬರುತ್ತದೆ. ಹಾಗಾಗಿ ಫೋಟೋದಲ್ಲಿ ಸಮುದ್ರ ಎಲ್ಲಿದೆ ಎಂದು ಹುಡುಕುವ ಮೊದಲೇ ನಾನು ಆ ಸಾಲಿಗೆ ಸೋತುಬಿಟ್ಟಿದ್ದೆ.

ಅಮ್ಮ ಆ ಕಡೆಯವಳು. ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದಳು. ಹಂಚು ಇಳಿಸಿ ಸ್ಲ್ಯಾಬ್ ಹಾಕಿದ್ದಾರೆ, ಅದರ ಮೇಲೆ ನೀಲಿ ಶೀಟು. ಕಾವಿ ನೆಲದ ಮೇಲೆ ಬಿಳಿ ಟೈಲ್ಸ್. ಅಂಗಳಕ್ಕೆ ಇಂಟರ್‌ಲಾಕ್. ತೆಂಗಿನಮರ ಇದ್ದ ಜಾಗದಲ್ಲಿ ಕಾರ್ ನಿಲ್ಲಿಸಬಹುದು.

"ಇದು ನಾಗರಬಾವಿಯಲ್ಲೂ ಸಿಗ್ತದಲ್ಲ" ಎಂದಳು.

ಅಜ್ಜಿಮನೆಯಲ್ಲಿ ಮೇಂಟೆನೆನ್ಸ್ ಎಂಬ ಪದ ಇರಲಿಲ್ಲ, ಮೇ ತಿಂಗಳು ಇತ್ತು. ಮಳೆಗೆ ಮೊದಲು ಮಾಡಿನ ಮೇಲೆ ಹತ್ತಿ ಒಡೆದ ಹಂಚು ಬದಲಿಸಬೇಕು. ಕಟ್ಟಿಗೆ ಒಳಗೆ ಸೇರಬೇಕು. ಜಗಲಿಗೆ ಎರಚಲು ಹೊಡೆಯದಂತೆ ಮಡಲಿನ ತಟ್ಟಿ ಕಟ್ಟಬೇಕು. ನಾವು ಮಕ್ಕಳು ಕೆಳಗೆ ನಿಂತು ಹಂಚು ಕೊಡುತ್ತಿದ್ದೆವು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಹಂಚು ಅದು. ಒಂದರ ಅಂಚಿನಲ್ಲಿ ಇನ್ನೊಂದು ಕಚ್ಚಿ ಕೂರುತ್ತದೆ, ಬೇಕಾದ ಒಂದನ್ನು ಮಾತ್ರ ಎತ್ತಿ ತೆಗೆಯಬಹುದು. ಒಂದು ಹಂಚು ಒಡೆದರೆ ಹೋಗುವುದು ಒಂದು ಹಂಚಿನ ದುಡ್ಡು. ಸ್ಲ್ಯಾಬ್ ಸೋರಿದರೆ? ಎಲ್ಲಿಂದ ಸೋರುತ್ತಿದೆ ಎಂದು ಸ್ಲ್ಯಾಬಿಗೂ ಗೊತ್ತಿರುವುದಿಲ್ಲ. ಅದಕ್ಕೇ ಮೇಲೆ ಆ ನೀಲಿ ಶೀಟು. ಮಾಡು ತೆಗೆದು ಸ್ಲ್ಯಾಬ್ ಹಾಕಿದವರು ಕೊನೆಗೆ ಸ್ಲ್ಯಾಬಿಗೊಂದು ಮಾಡು ಹಾಕಿಸಿದರು!

ಕರಾವಳಿಯ ಮಳೆ ಬೆಂಗಳೂರಿನ ಮಳೆಯ ನಾಲ್ಕು ಪಟ್ಟು. ಇಲ್ಲಿ ವರ್ಷಕ್ಕೆ ಒಂದು ಮೀಟರಿನ ಆಸುಪಾಸು, ಅದಕ್ಕೇ ನಮ್ಮ ಬೇಸ್‌ಮೆಂಟು ಕೆರೆಯಾಗುತ್ತದೆ. ಮಳೆಯಾದರೂ ಸೆಪ್ಟೆಂಬರ್ ಹೊತ್ತಿಗೆ ಸುಸ್ತಾಗುತ್ತದೆ, ಉಪ್ಪುಗಾಳಿಗೆ ರಜೆಯೇ ಇಲ್ಲ. ಅದು ಸ್ಲ್ಯಾಬಿನೊಳಗಿನ ಕಂಬಿಯನ್ನೂ ಬಿಡುವುದಿಲ್ಲ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಫೋಟೋದಲ್ಲಿ ಮಿರಿಮಿರಿ ಮಿಂಚುತ್ತಿದ್ದ ಸ್ಟೀಲ್ ರೇಲಿಂಗ್ ನೋಡಿ ನಾನು 304 ಗ್ರೇಡಿನ ಸ್ಟೀಲೋ 316ರದ್ದೋ ಎಂದು ಬ್ರೋಕರನ್ನು ಕೇಳಿದೆ. ಸಮುದ್ರದ ಹತ್ತಿರ 304ಕ್ಕೆ ಕಂದು ಕಲೆ ಬರುತ್ತದೆ ಎಂದು ಎಲ್ಲೋ ಓದಿದ್ದೆ, ಸುಮ್ನೆ ಜಾಣತನ ತೋರಿಸಿದ್ದು. "ಒಳ್ಳೆ ಸ್ಟೀಲೇ ಹಾಕಿದ್ದು ಮರಾಯ್ರೆ" ಎಂದು ಉತ್ತರ ಬಂತು.

ಇಷ್ಟಾದರೂ ಮನಸ್ಸು ಬಿಡಲಿಲ್ಲ. ರಾತ್ರಿ ಪಂಚಗಂಗಾ ರೈಲು ಹತ್ತಿದರೆ ಬೆಳಗ್ಗೆ ಕುಂದಾಪುರ. ವರ್ಷಕ್ಕೆ ನಾಲ್ಕು ಸಲ ಹೋಗಬಹುದು, ಅಲ್ವಾ? ಉಳಿದ ದಿನ ಬೀಗ.

ಆ ಬೀಗವೇ ತಕರಾರು ಎನ್ನುತ್ತಾಳೆ ಅಮ್ಮ. ಜೂನಿನಲ್ಲಿ ಮುಚ್ಚಿದ ಮನೆಯನ್ನು ಅಕ್ಟೋಬರಿನಲ್ಲಿ ತೆಗೆದರೆ ಚಪ್ಪಲಿ, ಬೆಲ್ಟು, ಹಾಸಿಗೆ ಎಲ್ಲಕ್ಕೂ ಬೂಷ್ಟು. ಕಪಾಟಿನ ಹಿಂದೆ ಒರಲೆ. ಇಂಟರ್‌ಲಾಕಿನ ಮೇಲೆ ಪಾಚಿ, ಮೊದಲು ಜಾರಿ ಬೀಳುವುದು ಮನೆ ಯಜಮಾನನೇ. ಒಲೆ ಉರಿಯುವ ಮನೆಗೆ ಇದೆಲ್ಲ ಅಷ್ಟು ಬರುವುದಿಲ್ಲವಂತೆ. ಹೊಗೆ ಕುಡಿದ ಮಾಡಿನ ಪಕಾಸು, ದಿನಾ ಗುಡಿಸಿದ ಅಂಗಳ, ಬೆಳಗ್ಗೆ ತೆಗೆದ ಕಿಟಕಿ. ಅಜ್ಜಿಯ ಸೊಂಟನೋವಿನ ಲೆಕ್ಕವನ್ನು ಮಾತ್ರ ಅಮ್ಮ ಇದರಲ್ಲಿ ಸೇರಿಸುವುದಿಲ್ಲ. ನಾನೂ ಕೇಳಲು ಹೋಗಲಿಲ್ಲ.

ಮರುದಿನ ಬ್ರೋಕರಿಗೆ ಫೋನ್ ಮಾಡಿದೆ. ನಾವಿಲ್ಲದಾಗ ಮನೆ ಯಾರು ನೋಡಿಕೊಳ್ಳುವುದು?

"ಅದಕ್ಕೆಂತ ತಲೆಬಿಸಿ ಸರ್? ಪಕ್ಕದಲ್ಲೇ ಒಬ್ಬರು ಅಮ್ಮ ಇದ್ದಾರೆ. ತಿಂಗಳಿಗೆ ಸ್ವಲ್ಪ ಕೊಟ್ರೆ ಬಾಗಿಲು ತೆಗೆದು ಗುಡಿಸಿ ಇಡ್ತಾರೆ. ಅವರದ್ದು ಹಳೇ ಹಂಚಿನ ಮನೆ, ಬಿಟ್ಟು ಎಲ್ಲಿಗೂ ಹೋಗುದಿಲ್ಲ ಅವರು."